ಅಡುಗೆಮನೆಯ ನಲ್ಲಿಯೊಂದನ್ನು ಬಿಟ್ಟು

ರೋಸ್ವಿಟಾ ಡ್ಯುರ್‌ಬೆಕ್ ಅವರ ಮೇಜಿನ ಮೇಲೆ
ಮೂರು ಬಣ್ಣದ ಕರಪತ್ರ, ಒಂದು ಭೂತಗನ್ನಡಿ,
ಅರ್ಧ ಹೆಚ್ಚಿದ ಪಿಯರ್ ಹಣ್ಣು.
"ನೀನೇ ಹೇಳು ಎಕಾರ್ಟ್, ಯಾವುದು ಸರಿ?"

ಮೈನ್ ನದಿಯ ಈ ದಂಡೆಯಲ್ಲಿ ಮೂವತ್ತೊಂದು ವರ್ಷ
ಜನರ ನೆಲಮಾಳಿಗೆಗಳಲ್ಲೇ ಬದುಕಿದ ಪ್ಲಂಬರ್ ನಾನು.
ಕೊಯ್ದ ಪೈಪಿನ ಬಾಯಿ ನೋಡಿ
ಮನೆಯ ವಯಸ್ಸು ಹೇಳಬಲ್ಲೆ:
ಮರಕ್ಕೆ ಉಂಗುರವಿದ್ದಂತೆ ಸುಣ್ಣಕ್ಕೂ ಇದೆ.
ಹೆಬ್ಬೆರಳು ತೂರುತ್ತಿದ್ದ ಇವರ ಪೈಪಿನಲ್ಲಿ ಈಗ
ಪೆನ್ಸಿಲ್ ತೂರಿದರೆ ಹೆಚ್ಚು.

ಪಟ್ಟಿ ಅದ್ದಿದೆ. ಹಸಿರೆಲ್ಲ ಕೆನ್ನೇರಳೆ.
ಇಪ್ಪತ್ತಾರು ಡಿಗ್ರಿ ಗಡಸು.
ತಪ್ಪು ನೀರಿನದಲ್ಲ, ಎಂದೆ.
ದ್ರಾಕ್ಷಿತೋಟದ ಕೆಳಗೆಲ್ಲ ಚಿಪ್ಪುಗಲ್ಲು;
ಯಾವುದೋ ಕಾಲದ ಸಮುದ್ರ
ತನ್ನ ಚಿಪ್ಪುಗಳನ್ನು ಇಲ್ಲೇ ಮರೆತು ಬತ್ತಿತು.
ಮಳೆ ಇಳಿಯುತ್ತ ಇಳಿಯುತ್ತ ಅವನ್ನು
ಚೂರುಚೂರೇ ಜೇಬಿಗೆ ಹಾಕಿಕೊಂಡು
ನಿಮ್ಮ ಕೆಟಲ್‌ಗೆ ತಂದು ಸುರಿಯುತ್ತದೆ.

"ಹಾಗಾದರೆ ನಲವತ್ತು ವರ್ಷ ನಾನು
ವಿನೆಗರ್ ಹಾಕಿ ಕೆರೆದದ್ದು ಸಮುದ್ರವನ್ನೋ?"
ಅವರು ನಗಲಿಲ್ಲ. ನಾನು ನಕ್ಕೆ.

ಮೊದಲನೆಯ ಕರಪತ್ರ, ಅಯಸ್ಕಾಂತ.
ಪೈಪಿಗೆ ಕಟ್ಟಿದರೆ ಸಾಕಂತೆ, ತಾಯಿತದ ಹಾಗೆ.
ಕಟ್ಟಿದ್ದೇನೆ, ಬಿಚ್ಚಿಯೂ ಇದ್ದೇನೆ;
ಮೆದುವಾದದ್ದು ಗಿರಾಕಿ, ನೀರಲ್ಲ.
ಎರಡನೆಯದು ಉಪ್ಪು ಬೇಡದ್ದು.
ಸುಣ್ಣವನ್ನು ತೆಗೆಯುವುದಿಲ್ಲ,
ಅಂಟಬೇಡ ಎಂದು ಬುದ್ಧಿ ಹೇಳಿ ಕಳಿಸುತ್ತದೆ.
ಕೆಲವು ಸುಣ್ಣ ಮಾತು ಕೇಳುತ್ತದೆ.
ಇನ್ನು ಮೂರನೆಯದು, ರಾಳದ ಮಣಿಗಳ ಕಂಬ:
ಸುಣ್ಣ ತೆಗೆದುಕೊಂಡು ಸೋಡಿಯಂ ಕೊಡುತ್ತದೆ,
ಕಾಳಿಗೆ ಉಪ್ಪು ಅಳೆಯುವ ಅಂಗಡಿಯ ಹಾಗೆ.
ಮಣಿಗಳ ಹೊಟ್ಟೆ ತುಂಬಿದ ರಾತ್ರಿ
ಕಲ್ಲು ನೀರು ಕರಗುವ ಹೊತ್ತಿನಲ್ಲಿ ತಾನೇ ಎದ್ದು
ಉಪ್ಪುನೀರಲ್ಲಿ ಮಿಂದು
ಕರಗಿದ ಕಲ್ಲನ್ನು ಚರಂಡಿಗೆ ಬಿಟ್ಟು ಮಲಗುತ್ತದೆ.
ಆಗಾಗ ಒಂದು ಮೂಟೆ ಉಪ್ಪು, ಪ್ರತಿ ಸ್ನಾನಕ್ಕೆ ಹತ್ತಾರು ಬಕೆಟ್ ನೀರು.
ಉಪ್ಪು ತಿಂದವ ನೀರು ಕುಡಿಯಲೇಬೇಕಲ್ಲ,
ಯಂತ್ರವಾದರೂ.

"ನಿನ್ನ ಮನೆಯಲ್ಲಿ ಯಾವುದಿದೆ?"
ಇಂಥ ಪ್ರಶ್ನೆ ಬಂದಾಗ ನಾನು ಸ್ಪ್ಯಾನರ್ ಹುಡುಕುತ್ತೇನೆ.
ಸ್ಪ್ಯಾನರ್ ಕೈಯಲ್ಲೇ ಇತ್ತು.
ಯಾವುದೂ ಇಲ್ಲ, ಎಂದೆ.
ಅವರು ಮೂರನೆಯದರ ಮೇಲೆ ಭೂತಗನ್ನಡಿ ಇಟ್ಟರು.
ಮಂಗಳವಾರ ಜೋಡಿಸಿ ಬಂದೆ.

ಹದಿನೇಳನೆಯ ದಿನ ಫೋನು.
"ಸೋಪು ಕೈ ಬಿಡುವುದಿಲ್ಲ. ಎಷ್ಟು ತೊಳೆದರೂ
ಮೀನು ಹಿಡಿದ ಹಾಗೆ ಜಾರುತ್ತದೆ."
ಅಭ್ಯಾಸವಾಗುತ್ತದೆ, ಎಂದೆ.
"ಎಪ್ಪತ್ತೊಂಬತ್ತರಲ್ಲಿ ಮಗುವಿನ ಕೂದಲು ಬಂದಿದೆ."
ಅದೂ ಅಭ್ಯಾಸವಾಗುತ್ತದೆ.
ಆಮೇಲೆ ಆ ಕಡೆ ಸ್ವಲ್ಪ ಮೌನ.
"ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದಾರೆ."
ಒಂದು ತುಂಡು ಬ್ರೆಡ್ಡಿನಲ್ಲಿರುವಷ್ಟೂ
ಒಂದು ಲೋಟ ನೀರಲ್ಲಿಲ್ಲ, ಎಂದೆ.
"ಇರಲಿ. ಅಡುಗೆಮನೆಯ ನಲ್ಲಿಯೊಂದನ್ನು
ಮೊದಲಿನ ಹಾಗೆ ಮಾಡಿಕೊಡು."

ಹೋದೆ. ಶನಿವಾರ ಮಧ್ಯಾಹ್ನ.
ಒಲೆಯ ಪಕ್ಕ ತೊಳೆದಿಟ್ಟ ಕಂದು ಮಸೂರ.
ಗಡಸು ನೀರಲ್ಲಿ ಬೇಳೆ ಬೇಯುವುದಿಲ್ಲ ಎಂದೇ
ಎಷ್ಟೋ ಯಂತ್ರ ಮಾರಿದವನು ನಾನು;
ಇವರ ಹತ್ತಿರ ನನ್ನ ಬೇಳೆಯೇ ಬೇಯಲಿಲ್ಲ.

"ಮೊದಲು ಒಂದೂಮುಕ್ಕಾಲು ಗಂಟೆ ಹಿಡಿಯುತ್ತಿತ್ತು,"
ಪಾತ್ರೆಗೆ ಹೇಳುವ ಹಾಗೆ ಹೇಳಿದರು.
"ರೇಡಿಯೋದಲ್ಲಿ ಫುಟ್‌ಬಾಲ್ ಹಚ್ಚಿ ಒಲೆ ಹಚ್ಚಿದರೆ
ಆಟ ಮುಗಿಯುವುದಕ್ಕೂ ಬೇಳೆ ಒಡೆಯುವುದಕ್ಕೂ ಸರಿ.
ಈಗ ಮೊದಲ ಗೋಲಿಗೆ ಮುಂಚೆ ಬೆಂದು ಕೂತಿರುತ್ತದೆ.
ಉಳಿದ ಹೊತ್ತನ್ನು ಎಲ್ಲಿಡಲಿ?"

ಇದಕ್ಕೆ ಯಾವ ಕಂಪನಿಯ ಕರಪತ್ರದಲ್ಲೂ ಉತ್ತರವಿಲ್ಲ.
ನೆಲಮಾಳಿಗೆಗೆ ಇಳಿದೆ.
ತಾಮ್ರದ ಎರಡು ಮೊಣಕೈ, ಒಂದು ಕವಾಟ,
ಬೆಸುಗೆಯ ನೀಲಿ ಉರಿ.
ಕಂಬವನ್ನು ಬಳಸಿ ಹಳೆಯ ಸಮುದ್ರ
ಮೇಲೆ ಹೋಗಲು ಒಂದು ಓಣಿ ಬಿಟ್ಟೆ.

ಮೇಲೆ ಬಂದಾಗ ಪಾತ್ರೆಯಲ್ಲಿ ಮಸೂರ
ಜಲ್ಲಿಯ ಹಾಗೆ ಸದ್ದು ಮಾಡುತ್ತಿತ್ತು.
ಬಿಲ್ಲು ಬರೆಯಲು ಪೆನ್ನು ತೆಗೆದೆ.
"ಊಟ ಮಾಡಿಕೊಂಡು ಹೋಗು," ಎಂದರು
ರೇಡಿಯೋದ ಕಿವಿ ಹಿಂಡುತ್ತ,
"ಇನ್ನೂ ಅರ್ಧ ಆಟ ಬಾಕಿ ಇದೆ."